ಟೀಮಿನ ಹುಡುಗ ಗಾಂಜಾ ಸೇದುತ್ತಿದ್ದಾನೆ, ತೆಗೆದುಹಾಕಲಾ? ಮನೆಗೆ ಹೇಳಲಾ?

ಪ್ರಶ್ನೆ: ಹಳೇ ಹುಬ್ಬಳ್ಳಿಯಲ್ಲಿ ವಾಹನಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಸಂಜೆ ಓಣಿಯ ಹುಡುಗರಿಗೆ ಕಬಡ್ಡಿ ಹೇಳಿಕೊಡುತ್ತೇನೆ. ಟೀಮಿನಲ್ಲಿ ಒಬ್ಬ ಹುಡುಗನಿದ್ದಾನೆ, 16 ವರ್ಷ, ಪಿಯುಸಿ ಮೊದಲ ವರ್ಷ. ಒಳ್ಳೆಯ ರೈಡರ್. ಕೆಲವು ತಿಂಗಳಿಂದ ಬಾಯಲ್ಲಿ ಗುಟ್ಕಾ ಇರುತ್ತಿತ್ತು, ಬೈದು ಉಗುಳಿಸುತ್ತಿದ್ದೆ. ಹದಿನೈದು ದಿನದ ಹಿಂದೆ ಆಟ ಮುಗಿದ ಮೇಲೆ ಕಂಪೌಂಡಿನ ಹಿಂದೆ ಇನ್ನಿಬ್ಬರ ಜೊತೆ ಗಾಂಜಾ ಸೇದುವಾಗ ನನ್ನ ಕಣ್ಣಿಗೆ ಬಿದ್ದ. ಕಾಲು ಹಿಡಿದು ‘ಸರ್, ಮನ್ಯಾಗ ಹೇಳಬ್ಯಾಡ್ರಿ, ಅಪ್ಪ ಜೀವಂತ ಬಿಡಾಂಗಿಲ್ಲ’ ಅಂತ ಅತ್ತ. ಅವನಪ್ಪ ಆಟೋ ಓಡಿಸುತ್ತಾನೆ, ಕುಡಿಯುತ್ತಾನೆ, ಹೊಡೆಯುತ್ತಾನೆ. ಉಳಿದ ಹುಡುಗರ ಮನೆಯವರಿಗೆ ಹೇಗೋ ಗೊತ್ತಾಗಿ ‘ಅವನನ್ನ ತೆಗೀರಿ’ ಅಂತಿದ್ದಾರೆ. ಗೆಳೆಯರಲ್ಲಿ ಒಬ್ಬ ಮೂತ್ರ ಪರೀಕ್ಷೆಯ ಕಿಟ್ ತಂದು ಚೆಕ್ ಮಾಡು ಅಂತಾನೆ. ಇನ್ನೊಬ್ಬ ವ್ಯಸನಮುಕ್ತಿ ಕೇಂದ್ರಕ್ಕೆ ಹಾಕಿಸಿಬಿಡು ಅಂತಾನೆ. ಪೊಲೀಸರಿಗೆ ಹೇಳಬೇಕಾ ಅನ್ನುವುದೂ ಗೊತ್ತಿಲ್ಲ. ಇನ್ನೊಂದು ಮಾತು, ನಾನೂ ಜರ್ದಾ ಹಾಕುತ್ತೇನೆ. ಅವನಿಗೆ ಬುದ್ಧಿ ಹೇಳಲು ನನಗೆ ಯಾವ ಮುಖ ಇದೆ?

ಉತ್ತರ: ಮೊದಲು ಒಂದು ಮಾತು ಕೇಳುತ್ತೇನೆ. ಸಿಕ್ಕಿಬಿದ್ದ ಮೇಲೂ ಆ ಹುಡುಗ ಮೈದಾನಕ್ಕೆ ಬರುತ್ತಿದ್ದಾನಾ? ಪತ್ರ ಓದಿದರೆ ಬರುತ್ತಿದ್ದಾನೆ ಅನಿಸುತ್ತದೆ. ಹಾಗಿದ್ದರೆ ನಿಮ್ಮ ಕೈಯಲ್ಲಿ ಇರುವುದರಲ್ಲಿ ಅದೇ ದೊಡ್ಡದು. ದಿನಾ ಸಂಜೆ ಒಂದೆರಡು ತಾಸು ಅವನು ನಿಮ್ಮ ಕಣ್ಣೆದುರು ಇರುತ್ತಾನೆ. ಚಿಕಿತ್ಸೆಗೆ ನನ್ನ ಹತ್ತಿರ ಬರುವ ಮಕ್ಕಳು ಹದಿನೈದು ದಿನಕ್ಕೊಮ್ಮೆ ಅರ್ಧ ತಾಸು ಸಿಕ್ಕರೆ ಹೆಚ್ಚು. ಆದ್ದರಿಂದ ಟೀಮಿನಿಂದ ತೆಗೆಯಬೇಡಿ. ತೆಗೆದರೆ ಅವನ ಸಂಜೆ ಪೂರಾ ಖಾಲಿಯಾಗುತ್ತದೆ. ಆ ಖಾಲಿ ಸಂಜೆ ಯಾರ ಜೊತೆ ಕಳೆಯುತ್ತಾನೆ ಅನ್ನುವುದು ನಿಮಗೂ ಗೊತ್ತು.

ಹಾಗಂತ ನಿಯಮವೇ ಬೇಡ ಅಂತಲ್ಲ. ಸೇದಿ ಬಂದ ದಿನ ಆಟಕ್ಕೆ ಇಳಿಸಬೇಡಿ. ಗಾಂಜಾದ ಅಮಲಿನಲ್ಲಿ ಕೈಕಾಲಿನ ಹಿಡಿತ ತಪ್ಪುತ್ತದೆ, ಎದುರಿನವನ ನಡೆಗೆ ಮೈ ತಡವಾಗಿ ಸ್ಪಂದಿಸುತ್ತದೆ. ಕೆಲವು ತಾಸು ಹಾಗೇ ಇರುತ್ತದೆ. ಟ್ಯಾಕಲ್‌ನಲ್ಲಿ ಅವನ ಕುತ್ತಿಗೆಗೋ ಇನ್ನೊಬ್ಬನ ಮೊಣಕಾಲಿಗೋ ಪೆಟ್ಟು ಬೀಳಬಹುದು. ‘ಇವತ್ತು ಕೂತ್ಕೋ, ನಾಳೆ ಬಾ’ ಅಂತ ಹೇಳಿ. ನಾಳೆ ಬಾ ಅನ್ನುವುದನ್ನು ಮಾತ್ರ ಮರೆಯಬೇಡಿ. ಉಳಿದ ಪಾಲಕರಿಗೂ ಇದನ್ನೇ ಹೇಳಬಹುದು: ಅಮಲಿನಲ್ಲಿ ಯಾರೂ ಆಡುವುದಿಲ್ಲ, ಮೈದಾನದಲ್ಲಿ ಯಾರೂ ಏನೂ ತರುವುದಿಲ್ಲ, ನಿಯಮ ಎಲ್ಲರಿಗೂ ಒಂದೇ. ಒಬ್ಬ ಹುಡುಗನ ವಿಷಯವನ್ನು ಅವರ ಮುಂದೆ ಚರ್ಚೆ ಮಾಡಬೇಡಿ.

ಈಗ ನಿಮ್ಮನ್ನು ಜಾಸ್ತಿ ಕಾಡುತ್ತಿರುವ ಭಯಕ್ಕೆ ಬರುತ್ತೇನೆ. ಒಮ್ಮೆ ಗಾಂಜಾ ಮುಟ್ಟಿದ ಹುಡುಗ ಕೈ ಬಿಟ್ಟು ಹೋದ ಅಂತ ಎಷ್ಟೋ ಜನ ನಂಬಿದ್ದಾರೆ. ಅದು ಸುಳ್ಳು. ಸೇದಿ ನೋಡಿದವರಲ್ಲಿ ಹೆಚ್ಚಿನವರು ಚಟಕ್ಕೆ ಬೀಳುವುದಿಲ್ಲ. ಹುಡುಗರು ಇದಕ್ಕೆ ಉಲ್ಟಾ ನಂಬಿರುತ್ತಾರೆ: ಗಾಂಜಾ ಬರೀ ಸೊಪ್ಪು, ಸಾಧುಗಳು ಸೇದುವುದಿಲ್ವಾ, ಏನೂ ಆಗಲ್ಲ ಅಂತ. ಅದೂ ಸುಳ್ಳು. ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಸುಮಾರು 6ಕ್ಕೆ ಒಬ್ಬರು ಅದಕ್ಕೆ ಅಂಟಿಕೊಳ್ಳುತ್ತಾರೆ. ದೊಡ್ಡವರಾದ ಮೇಲೆ ಶುರು ಮಾಡಿದವರಿಗಿಂತ ಇದು ಜಾಸ್ತಿ. ಕಾರಣ ಮೆದುಳಿನ ಬೆಳವಣಿಗೆಯಲ್ಲಿದೆ. ಮಜಾ ಬೇಡುವ ಭಾಗ ಈ ವಯಸ್ಸಿನಲ್ಲಿ ಚುರುಕಾಗಿರುತ್ತದೆ. ‘ತಡಿ, ನಾಳೆ ಏನಾದೀತು’ ಅಂತ ಯೋಚಿಸುವ ಮುಂಭಾಗ ಪೂರ್ತಿ ಬಲಿಯಲು 25ರ ಹತ್ತಿರ ಬರಬೇಕು. ಮನೆಯಲ್ಲಿ ಯಾರಿಗಾದರೂ ತೀವ್ರ ಮಾನಸಿಕ ಕಾಯಿಲೆ ಇದ್ದರೆ, ಗಾಂಜಾ ಆ ಮಗುವಿನಲ್ಲೂ ಸಂಶಯ, ಕಿವಿಯಲ್ಲಿ ಧ್ವನಿ ಕೇಳುವುದು ಇಂಥವನ್ನು ಕೆರಳಿಸಬಹುದು. ಇದೊಂದು ವಿಷಯ ಆ ಹುಡುಗನ ಮನೆಯವರಿಂದ ತಿಳಿದುಕೊಳ್ಳುವುದು ಒಳ್ಳೆಯದು.

ಗುಟ್ಕಾದ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನಗೆ ಆ ಸಾಲಿನ ಚಿಂತೆಯೂ ಅಷ್ಟೇ ಇದೆ. ನಮ್ಮ ಕಡೆ ಅಡಿಕೆ-ತಂಬಾಕನ್ನು ನಶೆ ಅಂತ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲಾ ಒಂದು ಪಾಕೀಟ್, ತಂಬಾಕು ಇನ್ನೊಂದು ಪಾಕೀಟ್ ಆಗಿ ಬಂತು, ಹುಡುಗರು ಕೈಯಲ್ಲೇ ಬೆರೆಸಿಕೊಳ್ಳುತ್ತಾರೆ. ನಿಕೋಟಿನ್ ಗಾಂಜಾಕ್ಕಿಂತ ಬೇಗ ಹಿಡಿಯುತ್ತದೆ, ಬಿಡಿಸುವುದೂ ಕಷ್ಟ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ಬೆಳೆಯುವ ನಾಡಿನವರು ನಾವು, ಈ ಮಾತು ನುಂಗಲು ಕಷ್ಟ. ಆದರೆ ಬಾಯಿ ತೆರೆಯಲಾಗದೆ ಬರುವ ಎಳೆಯ ಹುಡುಗರು ನಮ್ಮ ಆಸ್ಪತ್ರೆಗಳಲ್ಲಿ ಕಾಣುತ್ತಾರೆ. ಕೆನ್ನೆಯ ಒಳಚರ್ಮ ಗಟ್ಟಿಯಾಗಿ, ಬಿಳಿಚಿಕೊಂಡು, ಖಾರ ಮುಟ್ಟಿದರೆ ಉರಿಯುತ್ತದೆ. ಗಟ್ಟಿಯಾದ ಚರ್ಮ ಮೊದಲಿನಂತೆ ಆಗುವುದಿಲ್ಲ. ನೀವೇ ನೋಡಬಹುದು: ಅವನ ಮೂರು ಬೆರಳು ಒಂದರ ಮೇಲೊಂದು ನಿಂತಂತೆ ಅವನ ಬಾಯಿಯೊಳಗೆ ಹೋಗುತ್ತವಾ? ಹೋಗದಿದ್ದರೆ ಹಲ್ಲಿನ ಡಾಕ್ಟರ್ ಹತ್ತಿರ ಕಳಿಸಿ, ತಡ ಮಾಡಬೇಡಿ.

ಈಗ ಅವನ ಜೊತೆ ಮಾತು. ಎಲ್ಲಕ್ಕಿಂತ ಜಾಸ್ತಿ ಕೆಲಸ ಆಗುವುದು, ಇಲ್ಲವೇ ಕೆಡುವುದು ಇಲ್ಲೇ.

ಅಮಲಿನಲ್ಲಿ ಇರುವಾಗ ಮಾತಾಡಬೇಡಿ. ಟೀಮಿನ ಮುಂದೆಯೂ ಬೇಡ. ಮುಚ್ಚಿದ ಕೋಣೆಯಲ್ಲಿ ಒಬ್ಬನನ್ನೇ ಕೂರಿಸಿಕೊಳ್ಳುವುದೂ ಬೇಡ, ಇದು ನಿಮ್ಮ ರಕ್ಷಣೆಗೂ ಹೌದು, ಅವನ ರಕ್ಷಣೆಗೂ ಹೌದು. ಆಟ ಮುಗಿದ ಮೇಲೆ ಮೈದಾನದ ಅಂಚಿನಲ್ಲಿ, ನಾಲ್ಕು ಜನಕ್ಕೆ ಕಾಣುವ ಹಾಗೆ ಆದರೆ ಕೇಳದ ಹಾಗೆ, ನಡೆಯುತ್ತಾ ಮಾತಾಡಿ. ಎದುರುಬದುರು ಕೂತರೆ ಈ ವಯಸ್ಸಿನವರು ಬಾಯಿ ಬಿಡುವುದಿಲ್ಲ. ಹದಿನೈದು ನಿಮಿಷ ಸಾಕು. ನಿಮ್ಮ ಮಾತು ನಿಮ್ಮ ಭಾಷೆಯಲ್ಲೇ ಇರಲಿ. ಹೀಗೆ ಶುರು ಮಾಡಬಹುದು: ‘ಮೊನ್ನಿ ನೋಡಿದ್ದು ಮರ್ತಿಲ್ಲ. ಬೈಯಾಕ ಕರದಿಲ್ಲ. ನಿನ್ನ ಚಿಂತಿ ಹತ್ತೈತಿ ನನಗ. ಯಾವಾಗಿಂದ ನಡದೈತಿ ಹೇಳು.’ ಆಮೇಲೆ ಸುಮ್ಮನಿರಿ. ಅವನು ಸುಮ್ಮನಿದ್ದಷ್ಟು ಹೊತ್ತು ನೀವೂ ಸುಮ್ಮನೆ ನಡೆಯಿರಿ. ನಮ್ಮಂಥ ದೊಡ್ಡವರಿಗೆ ಕಷ್ಟವಾಗುವ ಭಾಗ ಇದೇ, ಮೌನ ಬಿದ್ದ ತಕ್ಷಣ ಉಪದೇಶ ಶುರು ಮಾಡುತ್ತೇವೆ.

‘ಯಾಕ ಸೇದ್ತಿ?’ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ, ಅದು ಬೈಗುಳದ ಹಾಗೆ ಕೇಳಿಸುತ್ತದೆ. ‘ಅದರಿಂದ ನಿನಗ ಏನ್ ಸಿಗತೈತಿ?’ ಅಂತ ಕೇಳಿ. ಗೆಳೆಯರ ಜೊತೆ ನಗುಬರುತ್ತೆ ಅಂದರೆ ಒಂದು ಕತೆ. ನಿದ್ದೆ ಬರುತ್ತೆ, ಮನೆಯ ಜಗಳ ಕಿವಿಗೆ ಬೀಳಲ್ಲ ಅಂದರೆ ಬೇರೆಯೇ ಕತೆ. ಅಪ್ಪ ಕುಡಿದು ಹೊಡೆಯುವ ಮನೆ ಅಂತ ನೀವೇ ಬರೆದಿದ್ದೀರಿ. ಎರಡನೆಯದೇ ಆಗಿದ್ದರೆ ಗಾಂಜಾ ಬಿಡು ಅನ್ನುವ ಮಾತು ಅವನಿಗೆ ತಾಗುವುದಿಲ್ಲ, ಯಾಕೆಂದರೆ ಅವನ ಪಾಲಿಗೆ ಸದ್ಯ ಅದೇ ಔಷಧಿ. ಆಗ ನಾವು ನೋಡಬೇಕಾದದ್ದು ಮನೆಯ ಏಟು, ನಿದ್ದೆ, ಬೇಜಾರು. ಚಿಕ್ಕಂದಿನಿಂದಲೂ ಒಂದು ಕಡೆ ಕೂರಲಾಗದ, ಗಮನ ನಿಲ್ಲದ ಮಕ್ಕಳೂ ನಶೆಗೆ ಬೇಗ ಬೀಳುತ್ತಾರೆ. ಅದಕ್ಕೆ ಚಿಕಿತ್ಸೆ ಇದೆ, ಶಾಲೆಯಲ್ಲಿ ಅವರಿಗೆ ಉಡಾಳ ಅನ್ನುವ ಹೆಸರು ಮಾತ್ರ ಸಿಕ್ಕಿರುತ್ತದೆ.

ಮಾತಿನ ನಡುವೆ ಕೆಲವು ಸಂಗತಿ ತಿಳಿದುಕೊಳ್ಳಿ. ಒಬ್ಬನೇ ಇದ್ದಾಗಲೂ ಸೇದುತ್ತಾನಾ? ಸೇದಿದಾಗ ಏನು ಮಾಡಿದೆ ಅನ್ನುವುದು ನೆನಪಿರಲ್ವಾ? ಅಮಲಿನಲ್ಲಿ ಬೈಕ್ ಓಡಿಸಿದ್ದಾನಾ, ಅಂಥವರ ಹಿಂದೆ ಕೂತಿದ್ದಾನಾ? ಗೆಳೆಯರೇ ಕಡಿಮೆ ಮಾಡು ಅಂದಿದ್ದಾರಾ? ವೈದ್ಯರು ಹದಿಹರೆಯದವರಿಗೆ ಕೇಳುವ ಪ್ರಶ್ನೆಗಳೇ ಇವು. ಒಂದಕ್ಕಿಂತ ಜಾಸ್ತಿಗೆ ಹೌದು ಅಂದರೆ ಅವನನ್ನು ವೈದ್ಯರು ನೋಡಬೇಕು. ಪೊಲೀಸ್ ವಿಚಾರಣೆಯ ಹಾಗೆ ಸಾಲಾಗಿ ಕೇಳಬೇಡಿ. ಎರಡು ಮೂರು ಸಂಜೆಯಲ್ಲಿ ತಾವಾಗಿ ಬರುತ್ತವೆ.

ಆಣೆ ಮಾಡಿಸಬೇಡಿ, ಇದನ್ನು ಕೈಮುಗಿದು ಕೇಳುತ್ತೇನೆ. ‘ಅವ್ವನ ಮ್ಯಾಲೆ ಆಣಿ ಮಾಡು’ ಅಂದರೆ ಅವನು ಮಾಡುತ್ತಾನೆ, ಆ ಗಳಿಗೆಯಲ್ಲಿ ನಿಜವಾಗಿಯೇ ಮಾಡುತ್ತಾನೆ. ವಾರ ಕಳೆದು ಮತ್ತೆ ಸೇದಿದರೆ, ನಿಮ್ಮ ಮುಖ ನೋಡಲು ನಾಚಿಕೆಯಾಗಿ ಮೈದಾನವನ್ನೇ ಬಿಡುತ್ತಾನೆ. ಅದರ ಬದಲು ಸಣ್ಣದೊಂದು ಒಪ್ಪಂದ ಮಾಡಿಕೊಳ್ಳಿ. ಸೆಲೆಕ್ಷನ್ ತನಕ ಆಟದ ದಿನ ಏನೂ ಮುಟ್ಟಲ್ಲ ಅಂತಲೋ, ಜೇಬಿನಲ್ಲಿ ಪಾಕೀಟ್ ಇಟ್ಟುಕೊಳ್ಳಲ್ಲ ಅಂತಲೋ ಅವನೇ ಹೇಳಲಿ. ತಪ್ಪಿದರೆ ಬಂದು ಹೇಳುವ ಧೈರ್ಯ ಅವನಿಗೆ ಇರಬೇಕು. ಬಾಯಿ ಕ್ಯಾನ್ಸರ್ ಫೋಟೋ ತೋರಿಸಿ ಹೆದರಿಸುವುದರಿಂದಲೂ ಹೆಚ್ಚು ಉಪಯೋಗವಿಲ್ಲ. ಅವನು ಕಬಡ್ಡಿ ಆಡುವವನು, ಕಬಡ್ಡಿಯ ಮೂಲಕವೇ ಹೇಳಿ. ನಿಕೋಟಿನ್ ಎದೆಬಡಿತ ಏರಿಸುತ್ತದೆ, ರಕ್ತನಾಳ ಬಿಗಿಯುತ್ತದೆ. ಗುಟ್ಕಾ ಹಾಕಿದರೆ ದಮ್ ಜಾಸ್ತಿ ಬರುತ್ತದೆ ಅನ್ನುವುದು ಬರೀ ಭ್ರಮೆ. ಸ್ಪರ್ಧೆಯ ಹೊತ್ತಿಗೆ ಮೈಯಲ್ಲಿ ಗಾಂಜಾ ಇರುವುದು ಡೋಪಿಂಗ್ ನಿಯಮದಲ್ಲೂ ನಿಷೇಧ. ದೊಡ್ಡ ಮಟ್ಟಕ್ಕೆ ಹೋಗಬೇಕೆಂಬ ಆಸೆ ಇರುವ ರೈಡರ್‌ಗೆ ಇದು ತಿಳಿದಿರಬೇಕು.

ಗುಟ್ಕಾ ಬಿಟ್ಟ ಮೊದಲ ವಾರ ಅವನು ಸಿಡುಕುತ್ತಾನೆ. ತಲೆನೋವು, ಗಮನ ಇಲ್ಲ, ನಿಮಗೆ ಎದುರುತ್ತರ. ಎರಡನೇ ಮೂರನೇ ದಿನ ಜಾಸ್ತಿ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಅದನ್ನು ಸೊಕ್ಕು ಅಂದುಕೊಳ್ಳಬೇಡಿ.

ಮನೆಗೆ ಹೇಳಬೇಕಾ ಅನ್ನುವುದು ಕಷ್ಟದ ಪ್ರಶ್ನೆ. ಹೇಳದೆ ಇರಲು ಆಗುವುದಿಲ್ಲ. ಅವನಿನ್ನೂ 18 ಆಗದವನು, ಚಿಕಿತ್ಸೆಗೆ ಪಾಲಕರ ಒಪ್ಪಿಗೆ ಬೇಕು. ಅದೂ ಅಲ್ಲದೆ ಉಳಿದ ಮನೆಗಳಿಗೆ ಸುದ್ದಿ ಮುಟ್ಟಿದೆ ಅಂದಮೇಲೆ ಅವನಪ್ಪನ ಕಿವಿಗೂ ಇಷ್ಟರಲ್ಲೇ ಬೀಳುತ್ತದೆ. ಓಣಿಯ ಬಾಯಿಂದ ಗೊತ್ತಾಗುವುದಕ್ಕಿಂತ ನಿಮ್ಮಿಂದ ಗೊತ್ತಾಗುವುದು ಒಳ್ಳೆಯದು. ಆದರೆ ಅವನ ಬೆನ್ನ ಹಿಂದೆ ಹೇಳಬೇಡಿ. ಮೊದಲ ಮಾತುಕತೆಯಲ್ಲೇ ಸ್ಪಷ್ಟ ಮಾಡಿ: ‘ನೀ ಹೇಳಿದ್ದು ನನ್ನಾಗ ಇರತೈತಿ. ಆದ್ರ ನಿನ್ನ ಜೀವಕ್ಕ ಅಪಾಯ ಅನಿಸಿದ್ರ ನಾ ಸುಮ್ನಿರಾಂಗಿಲ್ಲ. ಯಾರಿಗರ ಹೇಳೂಕಿಂತ ಮೊದಲ ನಿನಗ ಹೇಳಿ ಹೇಳ್ತೀನಿ.’ ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟರೆ ನಾಳೆ ಮುರಿಯಬೇಕಾಗುತ್ತದೆ.

ಯಾರಿಗೆ ಮೊದಲು ಹೇಳುವುದು ಅಂತ ಅವನನ್ನೇ ಕೇಳಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಪ್ಪನಿಗೆ ಎದುರು ನಿಂತು ಮಾತಾಡಬಲ್ಲವನು ಸೋದರಮಾವ. ತಾಯಿ, ಮಾವ, ದೊಡ್ಡಕ್ಕ ಯಾರೇ ಆಗಲಿ, ಕೈ ಎತ್ತದೆ ಕೇಳುವವರು ಇದ್ದೇ ಇರುತ್ತಾರೆ. ನಾಲ್ಕೈದು ದಿನ ಅವಕಾಶ ಕೊಟ್ಟು, ಅವನೇ ಹೇಳುವಾಗ ನೀವು ಪಕ್ಕದಲ್ಲಿ ಕೂರಿ. ಅಪ್ಪನ ಹತ್ತಿರ ಹೋಗುವುದಾದರೆ ಬೆಳಿಗ್ಗೆ ಹೋಗಿ, ಕುಡಿದಿರದ ಹೊತ್ತಿಗೆ, ಮಾವನನ್ನೂ ಕರೆದುಕೊಂಡು. ಹುಡುಗನಲ್ಲಿ ನೀವು ಕಂಡ ಒಳ್ಳೆಯದರಿಂದ ಮಾತು ಶುರು ಮಾಡಿ. ಹೊಡೆತ ವಿಪರೀತ ಇದ್ದರೆ, ಹುಡುಗ ಮನೆಗೆ ಹೋಗಲು ಹೆದರುತ್ತಿದ್ದರೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮನೆಯವರಿಗೆ ಕೇಡು ಮಾಡಿದಂತಾಯಿತು ಅಂದುಕೊಳ್ಳಬೇಡಿ, ಅದಿರುವುದೇ ಮಗುವಿನ ರಕ್ಷಣೆಗೆ.

ಕೆಲವು ಸಂದರ್ಭಗಳಲ್ಲಿ ನಾಲ್ಕೈದು ದಿನವೂ ಕಾಯುವ ಹಾಗಿಲ್ಲ. ಸಾಯುವ ಮಾತಾಡಿದರೆ. ಯಾರೋ ನನ್ನ ಬೆನ್ನು ಹತ್ತಿದ್ದಾರೆ ಅಂತ ಸಂಶಯಪಟ್ಟರೆ. ಮಾತ್ರೆ ಅಥವಾ ಇಂಜೆಕ್ಷನ್ ಕಡೆಗೆ ಹೋಗಿದ್ದರೆ. ಯಾರಾದರೂ ಅವನ ಕೈಯಲ್ಲಿ ಮಾಲು ಕಳಿಸುತ್ತಿದ್ದರೆ. ಇನ್ನೊಂದು, ಪಂಕ್ಚರ್ ಸೊಲ್ಯೂಷನ್, ಥಿನ್ನರ್, ವೈಟ್ನರ್ ಮೂಸುವುದು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡ ನಶೆ ಇದೊಂದೇ: 10ರಿಂದ 17 ವಯಸ್ಸಿನವರಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ತರಬೇತುದಾರರೆಲ್ಲ ತಿಳಿದಿರಬೇಕಾದ ಮಾತೊಂದಿದೆ. ಮೂಸುತ್ತಿರುವ ಹುಡುಗನನ್ನು ಕಂಡರೆ ಕೂಗಿ ಬೆನ್ನಟ್ಟಬೇಡಿ. ಆ ರಾಸಾಯನಿಕ ಒಳಗಿರುವಾಗ ಗಾಬರಿಯಾದರೆ, ಓಡಿದರೆ, ಹೃದಯದ ಬಡಿತ ಒಮ್ಮೆಲೇ ತಾಳ ತಪ್ಪಿ ಪ್ರಾಣ ಹೋಗಬಹುದು. ಮೊದಲ ಸಲ ಮೂಸಿದವನಿಗೂ ಆಗಬಹುದು. ಶಾಂತವಾಗಿ ಹತ್ತಿರ ಹೋಗಿ, ಗಾಳಿ ಬರುವ ಕಡೆ ಕೂರಿಸಿ. ಯಾವುದೇ ನಶೆಯಲ್ಲಿ ಉಸಿರು ನಿಧಾನವಾಗಿ, ತುಟಿ ನೀಲಿಯಾಗಿ, ಅಲುಗಾಡಿಸಿದರೂ ಏಳದಿದ್ದರೆ ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ಏನು ತಗೊಂಡಿದ್ದ ಅನ್ನುವುದನ್ನು ಮುಚ್ಚಿಡದೆ ಹೇಳಿ.

ಮೂತ್ರದ ಕಿಟ್ ಬೇಡ. ಗಾಂಜಾದ ಅಂಶ ಒಮ್ಮೆ ಸೇದಿದವನಲ್ಲಿ ಕೆಲವು ದಿನ, ದಿನಾ ಸೇದುವವನಲ್ಲಿ ಕೆಲವು ವಾರ ಇರುತ್ತದೆ. ಹಾಗಾಗಿ ಬಿಟ್ಟವನೂ ಸಿಕ್ಕಿಬೀಳುತ್ತಾನೆ. ಸೊಲ್ಯೂಷನ್ ಮೂಸಿದ್ದು ಅದರಲ್ಲಿ ಗೊತ್ತೇ ಆಗುವುದಿಲ್ಲ. ಪಾಲಕರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವ ಅಧಿಕಾರವೂ ನಿಮಗಿಲ್ಲ. ಅವನ ಬ್ಯಾಗು ಜಾಲಾಡುವುದೂ ಬೇಡ. ಸಿಕ್ಕ ಗಾಂಜಾವನ್ನು ಸಾಕ್ಷಿಗೆ ಅಂತ ನಿಮ್ಮ ಹತ್ತಿರ ಇಟ್ಟುಕೊಂಡರೆ ಕಾನೂನಿನ ಕಣ್ಣಿನಲ್ಲಿ ಅದು ನಿಮ್ಮದೇ ಆಗುತ್ತದೆ.

ಪೊಲೀಸರ ವಿಷಯ. ಗಾಂಜಾ ಸೇದುವುದು 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯಲ್ಲಿ ಅಪರಾಧವೇ. ಆದರೆ ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಅದೇ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. 18ರೊಳಗಿನವನ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಹುಡುಗನನ್ನು ಠಾಣೆಗೆ ಕರೆದೊಯ್ದು ‘ಹೆದರಿಸಿ ಬಿಡಿ ಸಾಹೇಬ್ರ’ ಅನ್ನುವುದರಿಂದ ಯಾವ ಒಳ್ಳೆಯದೂ ಆಗುವುದಿಲ್ಲ. ಕಾನೂನು ಕಟುವಾಗಿರುವುದು ಕೊಟ್ಟವನ ಮೇಲೆ. ಮಗುವಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟವನಿಗೆ 2015ರ ಬಾಲ ನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಕರ್ನಾಟಕದಲ್ಲಿ ತಂಬಾಕು ಮಾರಲು ಈಗ ಗಿರಾಕಿಯ ವಯಸ್ಸು 21 ಆಗಿರಬೇಕು. ಗಾಂಜಾ ಮಾರುವವನ ಮಾಹಿತಿಯನ್ನು ಮಾದಕ ವಸ್ತು ಸಹಾಯವಾಣಿ 1933ಕ್ಕೆ ನಿಮ್ಮ ಹೆಸರು ಹೇಳದೆಯೂ ಕೊಡಬಹುದು. ಹುಡುಗನ ಬಾಯಿಂದ ಮಾರುವವನ ಹೆಸರು ಹೊರಡಿಸಲು, ಮಾರುವವನನ್ನು ತೋರಿಸು ಅಂತ ಹುಡುಗನನ್ನು ಕರೆದೊಯ್ಯಲು ಹೋಗಬೇಡಿ. ಅದು ಹುಡುಗನಿಗೆ ಅಪಾಯ.

ಕೇಂದ್ರಕ್ಕೆ ಹಾಕಿಸುವ ಮಾತಿಗೆ ನನ್ನ ಉತ್ತರ ಬೇಡ ಅಂತಲೇ. ನೀವು ಬರೆದಷ್ಟರಲ್ಲಿ ಅವನಿಗೆ ಒಳರೋಗಿಯಾಗುವ ಅಗತ್ಯ ಕಾಣುವುದಿಲ್ಲ. ಕಳ್ಳರ ಹಾಗೆ ಎತ್ತಿ ಒಯ್ದು, ದೊಡ್ಡ ಕುಡುಕರ ನಡುವೆ ತಿಂಗಳುಗಟ್ಟಲೆ ಕೂಡಿಹಾಕುವ ಜಾಗದಿಂದ ಮಕ್ಕಳು ಇನ್ನಷ್ಟು ಕಲಿತು, ಇನ್ನಷ್ಟು ಸಿಟ್ಟು ಹೊತ್ತು ಬರುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ 18ರೊಳಗಿನವರನ್ನು ದೊಡ್ಡವರಿಂದ ಬೇರೆಯಾಗಿ ಇಡಬೇಕು. ಮುಂದೆಂದಾದರೂ ಸೇರಿಸಬೇಕಾಗಿ ಬಂದರೆ ನೋಂದಣಿ ಪತ್ರ ತೋರಿಸಿ ಅನ್ನಿ, ಮನೋವೈದ್ಯರು ಇದ್ದಾರಾ, ಮನೆಯವರು ಬಂದು ನೋಡಬಹುದಾ ಕೇಳಿ. ಹಾಗೆಯೇ, ಗೋಡೆ ಮೇಲೆ ಬರೆದಿರುವ ‘ಗೊತ್ತಾಗದಂತೆ ಊಟದಲ್ಲಿ ಬೆರೆಸುವ’ ಪುಡಿ ಮಾತ್ರ ಬೇಡವೇ ಬೇಡ. ಅದರಲ್ಲಿ ಮದ್ಯದ ಜೊತೆ ಸೇರಿದರೆ ಜೀವಕ್ಕೆ ಕುತ್ತು ತರುವ ಔಷಧಿ ಇರಬಹುದು.

ಹಾಗಾದರೆ ಎಲ್ಲಿಗೆ? ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್, ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಎರಡರಲ್ಲೂ ಮನೋರೋಗ ವಿಭಾಗದ ಹೊರರೋಗಿ ವಿಭಾಗವಿದೆ. ‘ಧಾರವಾಡಕ್ಕ ಕಳಸಬೇಕು ಇವನ್ನ’ ಅಂತ ನಮ್ಮ ಕಡೆ ಹುಚ್ಚರಿಗೆ ಹೇಳುವ ಮಾತಿದೆಯಲ್ವಾ, ಅದಕ್ಕೇ ಎಷ್ಟೋ ತಾಯಂದಿರು ಗೇಟಿನ ತನಕ ಬಂದು ವಾಪಸ್ ಹೋಗುತ್ತಾರೆ. ಅವನ ತಾಯಿಗೆ ಮೊದಲೇ ಹೇಳಿಡಿ: ಒಳಗೆ ಕೂಡಿಹಾಕುವುದಿಲ್ಲ, ಕರೆಂಟ್ ಕೊಡುವುದಿಲ್ಲ. ಹುಡುಗನ ಜೊತೆ ಒಬ್ಬನೇ ಇದ್ದಾಗ ಒಮ್ಮೆ, ಮನೆಯವರ ಜೊತೆ ಒಮ್ಮೆ ಮಾತಾಡುತ್ತೇವೆ. ನಿದ್ದೆ, ಓದು, ಬೇಜಾರು ಕೇಳುತ್ತೇವೆ. ಗಾಂಜಾ ಬಿಡಿಸುವ ಮಾತ್ರೆ ಅಂತ ಒಂದಿಲ್ಲ. ಅದರ ಹಿಂದಿರುವ ಕಾಯಿಲೆಗೆ ಬೇಕಾದರೆ ಔಷಧಿ, ಉಳಿದದ್ದು ಮಾತುಕತೆ. ಆಸ್ಪತ್ರೆಗೆ ಹೋಗಲು ಇನ್ನೂ ಮನಸ್ಸಿಲ್ಲದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ನಶಾಮುಕ್ತಿ ಸಹಾಯವಾಣಿ 14446 ಇವೆ. ಮೊದಲು ನೀವೇ ಕರೆ ಮಾಡಿ ಕೇಳಬಹುದು.

ನಿಮ್ಮ ಜರ್ದಾ ವಿಷಯ ಬರೆದದ್ದು ನನಗೆ ಇಷ್ಟವಾಯಿತು. ನಿಮಗೆ ಮುಖ ಇದೆ. ಮುಚ್ಚಿಟ್ಟು ಬುದ್ಧಿ ಹೇಳಿದರೆ ಮಾತ್ರ ಇರುವುದಿಲ್ಲ, ಹುಡುಗರಿಗೆ ನಿಮ್ಮ ಅಂಗಿ ಜೇಬಿನ ಡಬ್ಬಿ ಎಂದೋ ಕಂಡಿರುತ್ತದೆ. ‘ನಾನೂ ಸಿಕ್ಕೊಂಡೀನಿ, ಬಿಡಾಕ ಒದ್ದಾಡಾಕ್ಹತ್ತೀನಿ’ ಅಂತ ಹೇಳಿಬಿಡಿ, ಆದರೆ ಹಾಗೆ ಹೇಳುವ ಮುಂಚೆ ನಿಜವಾಗಿ ಬಿಡಲು ಶುರು ಮಾಡಿರಿ. ಇವತ್ತಿನಿಂದಲೇ ಮೈದಾನದಲ್ಲಿ ಬಾಯಿಗೆ ಹಾಕಬೇಡಿ. ತಂಬಾಕು ಬಿಡುವವರ ಸಹಾಯವಾಣಿ 1800-11-2356, ಉಚಿತ. ದೊಡ್ಡವರಿಗೆ ನಿಕೋಟಿನ್ ಗಮ್ ಕೂಡ ಉಪಯೋಗಕ್ಕೆ ಬರುತ್ತದೆ. ಹುಡುಗನಿಗೆ ಮಾತ್ರ ಅದನ್ನು ನೀವಾಗಿ ಕೊಡಬೇಡಿ, ಡಾಕ್ಟರ್ ಹೇಳಲಿ.

ಕಂಪೌಂಡಿನ ಹಿಂದೆ ಇನ್ನಿಬ್ಬರು ಇದ್ದರು ಅಂತ ಬರೆದು ಅವರ ಬಗ್ಗೆ ಮುಂದೆ ಏನೂ ಹೇಳಿಲ್ಲ. ಅವರೂ ನಿಮ್ಮ ಟೀಮಿನವರಾ? ಅವರ ವಯಸ್ಸೆಷ್ಟು? ದೊಡ್ಡವರಾಗಿದ್ದು, ಇವನಿಗೆ ತಂದುಕೊಡುವವರು ಅವರೇ ಆಗಿದ್ದರೆ ಅದು ಬೇರೆ ಪ್ರಶ್ನೆ, ಮೇಲೆ ಹೇಳಿದ 77ನೇ ಕಲಂ ಅವರಿಗೆ ಅನ್ವಯಿಸುತ್ತದೆ. ಇವನ ವಯಸ್ಸಿನವರೇ ಆಗಿದ್ದರೆ ಅವರನ್ನೂ ಒಬ್ಬೊಬ್ಬರಾಗಿ ಕರೆದು ಮಾತಾಡಿಸಿ. ರೈಡರ್ ಅಲ್ಲದ ಹುಡುಗನೂ ಈ ವಾರ ಯಾರಾದರೂ ಕೇಳಲಿ ಅಂತ ಕಾಯುತ್ತಿರಬಹುದು. ಆಟ ಮುಗಿದ ಮೇಲಿನ ಆ ಒಂದು ತಾಸಿದೆಯಲ್ಲ, ಕತ್ತಲಾಗುವ ಹೊತ್ತು, ಅದಕ್ಕೆ ಏನಾದರೂ ಕೆಲಸ ಹಚ್ಚಲು ಆಗುತ್ತದಾ ನೋಡಿ. ಸಣ್ಣ ಹುಡುಗರಿಗೆ ವಾರ್ಮ್‌ಅಪ್ ಕಲಿಸುವ ಪಾಳಿಯೋ, ಮ್ಯಾಟ್ ಸುತ್ತಿಡುವುದೋ, ನಿಮ್ಮ ಜೊತೆ ಮನೆ ಕಡೆ ನಡೆದು ಹೋಗುವುದೋ. ಒಂದು ತಿಂಗಳು ಬಿಟ್ಟು ಏನಾಯಿತು ಅಂತ ಮತ್ತೆ ಬರೆಯಿರಿ. ತಾಯಿ ಅಥವಾ ಮಾವ ಬರಲು ಒಪ್ಪಿದರೆ ಅಲ್ಲಿಯವರೆಗೂ ಕಾಯಬೇಡಿ, ನೇರ ಕರೆದುಕೊಂಡು ಬನ್ನಿ.